ಸೀಸ ತುಂಬಿದ ಐದು ಕವಡೆ

ನಂಜಣ್ಣ, ನಿನ್ನ ಅವ್ವನ ಕವಡೆಗಳ ಹೊಟ್ಟೆಗೆ ಸೀಸ ತುಂಬಿದವನು ನಾನು. ಹನ್ನೆರಡರಲ್ಲಿ ಐದಕ್ಕೆ. ಆ ಅಮಾವಾಸ್ಯೆಯ ಮಧ್ಯಾಹ್ನ ಆಟದಲ್ಲಿ ನಿನ್ನನ್ನು ಕೊಂದದ್ದು ಕಾಡಲ್ಲ, ದೈವವಲ್ಲ, ನಿನ್ನ ಅವ್ವನಂತೂ ಅಲ್ಲವೇ ಅಲ್ಲ — ನಾನು, ಕೊಳ್ಳೇಗಾಲದ ಸೀರೆ ಅಂಚಿಗೆ ನಕ್ಷೆ ಬರೆಯುವ ಶಿವಲಿಂಗ. ಇಷ್ಟನ್ನು ಹೇಳುವುದಕ್ಕೆ ಹದಿನೆಂಟು ವರ್ಷ ಹಿಡಿಯಿತು. ಒಂದೇ ನಿಮಿಷದ ಮಾತು.

ನಾನು ಒಳ್ಳೆಯವನಾಗಿ ಬದಲಾಗಿ ಇದನ್ನು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯುವುದು ಬೇಡ. ನನ್ನ ನಾಲಿಗೆ ಇನ್ನೂ ಹಾಗೇ ಇದೆ. ಎದುರಿಗೆ ಕೂತವನನ್ನು ಮನಸ್ಸಿನಲ್ಲೇ ಪೆದ್ದ ಅಂದುಕೊಳ್ಳದೆ ನಾನು ಇವತ್ತಿಗೂ ಯಾರ ಜೊತೆಗೂ ಕಾಫಿ ಕುಡಿದಿಲ್ಲ. ಆಗಂತೂ ಇಪ್ಪತ್ತಾರು ವಯಸ್ಸು, ಎಸ್ಸೆಸ್ಸೆಲ್ಸಿ ಪಾಸಾದವನು, ಬೀದಿಗೆಲ್ಲ ಒಬ್ಬನೇ ಪತ್ರಿಕೆ ತರಿಸುವವನು — ಕೇಳಬೇಕೆ!

ಆಟ ಗೊತ್ತಿಲ್ಲದವರಿಗಾಗಿ ಅದನ್ನೂ ಹೇಳುತ್ತೇನೆ. ನಮ್ಮ ತಾಲ್ಲೂಕು ಕೊಯಮತ್ತೂರಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ತಿಂಗಳಿಗೊಂದು ದಿನ ಲಾಳಿಯ ಸದ್ದು ನಿಂತರೆ ಗಂಡಸರಿಗೆ ಏನು ಮಾಡಬೇಕೆಂದೇ ತೋಚದು. ಜಗಲಿಯ ಮೇಲೆ ಕೂತು ಆಕಳಿಸುತ್ತಿದ್ದರು. ಇವರಿಗೆ ಒಂದು ಆಟ ಕಟ್ಟಿಕೊಡೋಣ ಅನ್ನಿಸಿತು ನನಗೆ. ನಕ್ಷೆ ಬರೆಯುವ ಚೌಕಳಿ ಹಾಳೆಯ ಮೇಲೆ ಹೂಬಳ್ಳಿಯ ಬದಲು ಒಂದು ಕಾಡು ಬರೆದೆ, ಕಾಡಿನ ನಡುವೆ ಏಳು ಬಾಗಿಲಿನ ಕೋಟೆ. ಒಂದು ಚೌಕಕ್ಕೆ ಹತ್ತು ಮಾರು. ಪ್ರತಿಯೊಬ್ಬನೂ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅವನಾಗಿಯೇ ಮಾತಾಡಬೇಕು. ಅವನು ಎತ್ತ ಹೋಗುತ್ತಾನೆ, ಏನು ಮಾಡುತ್ತಾನೆ, ಎಲ್ಲ ಅವನೇ ಹೇಳಬೇಕು. ಎದುರಿಗೆ ಬರುವುದು ಹುಲಿಯೋ ದೆವ್ವವೋ ಅನ್ನುವುದು ನನ್ನ ಪಾಲು. ಮಾಡಿದ್ದು ಫಲಿಸಿತೋ ಇಲ್ಲವೋ ಅನ್ನುವುದು ಮೊರದಲ್ಲಿ ಬಿದ್ದ ಐದು ಕವಡೆಗಳ ಪಾಲು. ಐದಕ್ಕೆ ಐದೂ ಬಾಯಿ ಮೇಲಾಗಿ ಬಿದ್ದರೆ ಕಾಡು ಬಾಯಿ ತೆರೆಯಿತು ಅಂತ ಲೆಕ್ಕ. ಹಾಗೆ ಮೂರು ಸಲ ಬಿದ್ದರೆ ಆ ಮನುಷ್ಯ ಸತ್ತ.

ಕವಡೆ ಕೊಟ್ಟವನು ನೀನು. ಊರಿಗೆಲ್ಲ ಕವಡೆ ಹಾಕಿ ಶಾಸ್ತ್ರ ಹೇಳುತ್ತಿದ್ದ ನಿನ್ನ ಅವ್ವ ತೀರಿಕೊಂಡು ವರ್ಷವಾಗಿತ್ತು. ಸುಮ್ಮನೆ ಗೂಡಿನಲ್ಲಿ ಬಿದ್ದಿರುವುದಕ್ಕಿಂತ ನಾಲ್ಕು ಜನರ ಕೈಯಲ್ಲಿ ಆಡಲಿ ಎಂದು ಹನ್ನೆರಡನ್ನೂ ತಂದು ನನ್ನ ಕೈಗಿಟ್ಟೆ. ನಾನು ಒಳಗೊಳಗೇ ನಕ್ಕೆ.

ಆಡುತ್ತಿದ್ದವರು ಮೂವರು. ಪಕ್ಕದ ಮನೆಯ ಗುರುಸಿದ್ದ ದಂಡನಾಯಕನಾದ. ಅವನ ತಲೆಗೆ ಹೊಳೆಯುತ್ತಿದ್ದುದು ಒಂದೇ, ಕತ್ತಿ ತೆಗೆದು ಹೊಡೆಯುವುದು. ರೇಷ್ಮೆ ಹುರಿ ಮಾಡುವ ರಂಗಸ್ವಾಮಿ ಮಂತ್ರವಾದಿಯಾದ, ಪ್ರತಿಸಲವೂ ಮಂತ್ರ ಮರೆಯುತ್ತಿದ್ದ. ಮೂರನೆಯವನು ನೀನು, ನಲವತ್ತೈದರ ನಂಜಣ್ಣ. ಏನಾಗುತ್ತೀಯ ಅಂದರೆ ನೇಕಾರ ಅಂದೆ. ರಾಜನಾಗು, ಋಷಿಯಾಗು, ಗಂಧರ್ವನಾಗು, ಯಾರು ಬೇಡ ಅಂದರು? ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಆಟದಲ್ಲೂ ನೇಕಾರನೇ! ಇವನ ಬುದ್ಧಿ ಆ ಗುಂಡಿಯಿಂದ ಮೇಲಕ್ಕೆ ಬರುವುದಿಲ್ಲ ಎಂದು ಆವತ್ತೇ ತೀರ್ಮಾನಿಸಿದೆ.

ಕೋಟೆಯ ಮೂರನೆಯ ಬಾಗಿಲಿಗೆ ನಾನು ಒಬ್ಬ ರಾಕ್ಷಸಿಯನ್ನು ನಿಲ್ಲಿಸಿದ್ದೆ. ಅವಳ ಜೊತೆಗಿನ ಯುದ್ಧಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡಿದ್ದೆ — ಅವಳ ಕೂಗು, ಅವಳ ಗದೆ, ಅವಳ ಬಾಯಿಂದ ಬರುವ ಹೊಗೆ. ಗುರುಸಿದ್ದ ಕತ್ತಿ ಹಿರಿದಾಗಿತ್ತು. ನೀನು ಅವನ ಮೊಣಕೈ ಹಿಡಿದು ನನ್ನನ್ನು ಕೇಳಿದೆ:

"ಅವ್ಳು ಏನ್ ಉಟ್ಕಂಡವ್ಳಪ್ಪಾ?"

ನಾನು ಅದನ್ನು ಯೋಚಿಸಿರಲಿಲ್ಲ. ಏನೋ ತೊಗಲು ಗಿಗಲು ಅಂದೆ. ಪಾಪ, ಎಷ್ಟು ವರ್ಷದಿಂದ ತೊಗಲು ಸುತ್ತಿಕೊಂಡು ನಿಂತಿದ್ದಾಳೋ, ಅವಳ ಅಳತೆ ಕೇಳು, ನಾನು ಒಂದು ಸೀರೆ ನೇಯ್ದುಕೊಡುತ್ತೇನೆ ಅಂದೆ ನೀನು. ಮುಗಿಯಿತು. ಆ ಮಧ್ಯಾಹ್ನವೆಲ್ಲ ಮೂವರು ಗಂಡಸರು ಕೂತು ಒಬ್ಬ ರಾಕ್ಷಸಿಗೆ ಸೀರೆ ನೇಯ್ದರು. ಎಷ್ಟು ಮೊಳ ಬೇಕು, ಒಡಲು ಯಾವ ಬಣ್ಣ, ಕಪ್ಪು ಮೈಗೆ ಯಾವ ಅಂಚು ಒಪ್ಪುತ್ತದೆ — ಮಂತ್ರ ಮರೆಯುವ ರಂಗಸ್ವಾಮಿ ಸೆರಗಿನ ಬಗ್ಗೆ ಒಂದು ಗಳಿಗೆ ವಾದ ಮಾಡಿದ. ನಾನು ನನ್ನ ಮಾವಿನಕಾಯಿ ಅಂಚನ್ನು ಹಾಕಿ ಅಂದೆ. ನೀನು ಅದನ್ನು ಬೇಡ ಅಂದೆ, ತುಂಬಾ ಮೆತ್ತಗೆ. ಆ ಅಂಚಿನಲ್ಲಿ ತೊಟ್ಟು ತಿರುಗಿರುವುದು ತಪ್ಪು, ಉಟ್ಟಾಗ ಮಾವಿನಕಾಯಿಗಳೆಲ್ಲ ತಲೆಕೆಳಗಾಗುತ್ತವೆ, ನೇಯುವಾಗಲೆಲ್ಲ ನೋಡುತ್ತಿದ್ದೇನೆ ಅಂದೆ. ಗುರುಸಿದ್ದ, ರಂಗಸ್ವಾಮಿ ಇಬ್ಬರೂ ಹೌದೌದು ಅಂದರು. ಹೌದಂತೆ! ಅವರಿಗೆ ಮೊದಲೇ ಗೊತ್ತಿತ್ತು, ನನಗೆ ಹೇಳಿರಲಿಲ್ಲ.

ರಾಕ್ಷಸಿ ಸೀರೆ ಉಟ್ಟು ಬಾಗಿಲು ಬಿಟ್ಟುಕೊಟ್ಟಳು. ಬಿಡದೆ ಏನು ಮಾಡಿಸಲಿ, ಕವಡೆಯೂ ನಿನ್ನ ಕಡೆಗೇ ಬಿದ್ದಿತು. ಆವತ್ತಿನಷ್ಟು ಸಂತೋಷವಾಗಿ ಅವರು ಯಾವತ್ತೂ ಆಡಿರಲಿಲ್ಲ. ಕತೆ ಹೇಳುವವನು ನಾನು, ಅವರು ನೋಡುತ್ತಿದ್ದುದು ನಿನ್ನ ಮುಖ.

ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನಾದರೂ ಇದ್ದೀತು ಎಂದು ನಾನೂ ಹುಡುಕಿದ್ದೇನೆ, ಸಿಕ್ಕಿಲ್ಲ. ಜಾಕಾರ್ಡ್ ಮಗ್ಗದ ಕೆಳಗೆ ದಾರಗಳಿಗೆ ಭಾರಕ್ಕೆಂದು ಕಟ್ಟುವ ಸೀಸದ ಕಡ್ಡಿ ಇರುತ್ತದಲ್ಲ, ಅಂಥದೊಂದನ್ನು ಚೂರು ಚೂರು ಮಾಡಿ, ಮೇಣದಲ್ಲಿ ಅದ್ದಿ, ಐದು ಕವಡೆಗಳ ಬೆನ್ನಿನೊಳಕ್ಕೆ ಸೂಜಿಯಿಂದ ಒತ್ತಿದೆ. ಬೆನ್ನಿನಲ್ಲಿ ಭಾರ ಕೂತರೆ ಬೆನ್ನು ಕೆಳಕ್ಕೆ, ಬಾಯಿ ಮೇಲಕ್ಕೆ. ಎರಡು ದಿನದ ಕೆಲಸ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮುಂದಿನ ಅಮಾವಾಸ್ಯೆ ಶನಿವಾರ ಬಂತು. ಆಟಕ್ಕೆ ಕೂರುವ ಮುಂಚೆ ನೀನು ನಿನ್ನ ಕಣ್ಣಿನ ವಿಷಯ ಹೇಳಿದೆ. ಮೈಸೂರಿನ ಡಾಕ್ಟರು ನೋಡಿದ್ದರಂತೆ: ಕಣ್ಣಿನೊಳಗೆ ಒತ್ತಡ ಏರುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಆದರೆ ಈಗಲೇ ಆಪರೇಷನ್ ಆದರೆ ಉಳಿದದ್ದು ಉಳಿಯುತ್ತದೆ, ತಡಮಾಡಿದರೆ ಅದೂ ಇಲ್ಲ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುವುದಿತ್ತು. ಹೆದರಿದ್ದೆ ನೀನು. ಕಣ್ಣಿಗೆ ಕಬ್ಬಿಣ ಹಾಕುತ್ತಾರಲ್ಲ ಎಂದು ಎರಡು ಸಲ ಅಂದೆ. ಎಲ್ಲರೂ ಧೈರ್ಯ ಹೇಳಿದರು, ನಾನೂ ಹೇಳಿದೆ.

ಆಮೇಲೆ ಆಟ. ನಿನ್ನ ಸರದಿ ಬಂದಾಗ ಜೇಬಿನಲ್ಲಿದ್ದ ಐದನ್ನು ಕೊಟ್ಟೆ. ನೀನು ಮೂರು ಸಲ ಎಸೆದೆ. ಮೂರು ಸಲವೂ ಐದಕ್ಕೆ ಐದು ಬಾಯಿ. ಅಲ್ಲಿಗೇ ನಿಲ್ಲಿಸಬಹುದಿತ್ತು — ಹಳ್ಳಕ್ಕೆ ಬಿದ್ದ, ಸತ್ತ, ಅಷ್ಟೇ ಅಂದಿದ್ದರೆ ಆಗಿತ್ತು. ಆದರೆ ನಾನು ಕತೆಗಾರನಲ್ಲವೇ? ಕೇಳುವವನಿಗೆ ಎಲ್ಲಿ ನೋಯುತ್ತದೋ ಅಲ್ಲಿ ಒತ್ತುವುದು ನನಗೆ ಗೊತ್ತಿತ್ತು. ಕೋಟೆಯ ಗೋಡೆಯಿಂದ ಒಂದು ಕಬ್ಬಿಣದ ಹಕ್ಕಿ ಇಳಿದು ಬಂತು, ನೇಕಾರನ ಎರಡು ಕಣ್ಣನ್ನೂ ಕುಕ್ಕಿತು, ಅವನು ಕತ್ತಲಲ್ಲಿ ಗೋಡೆ ತಡಕುತ್ತಾ ಸತ್ತ ಅಂದೆ. ಅಂದು ಗುರುಸಿದ್ದನ ಮುಖ ನೋಡಿದೆ, ಈಗ ಹೇಗಿದೆ ಕತೆ ಎಂದು.

ನೀನು ಮೊರವನ್ನೇ ನೋಡುತ್ತಾ ಕೂತಿದ್ದೆ. ತಲೆ ಎತ್ತದೆ ಕೇಳಿದೆ:

"ಇವು ನಮ್ಮವ್ವನ ಕವ್ಡೆನೇ ಏನಪ್ಪಾ?"

"ನಿಮ್ಮವ್ವನವೇ ಕಣಣ್ಣಾ, ಬೇಕಾರೆ ನೋಡ್ಕೊ."

ನಾನು ಸುಳ್ಳು ಹೇಳಲಿಲ್ಲ, ಅದು ನಿಜವೇ — ಈ ಒಂದು ಮಾತಿನ ಹಿಂದೆ ಹದಿನೆಂಟು ವರ್ಷ ಬಚ್ಚಿಟ್ಟುಕೊಂಡಿದ್ದೇನೆ. ನೀನು ನೋಡಲಿಲ್ಲ. ಮಬ್ಬುಗಣ್ಣಿಗೆ ಕವಡೆಯ ಹೊಟ್ಟೆಯೊಳಗಿನ ಮೇಣ ಎಲ್ಲಿ ಕಂಡೀತು. ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದೆ.

ಭಾನುವಾರ ಬೆಳಿಗ್ಗೆ ನಿನ್ನ ಹೆಂಡತಿ ಪುಟ್ಟಮ್ಮಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ನೀನು ಮೈಸೂರಿಗೆ ಹೋಗುವುದಿಲ್ಲ ಎಂದು ಕೂತುಬಿಟ್ಟಿದ್ದೀಯಂತೆ, ಅನ್ನ ಮುಟ್ಟಿಲ್ಲವಂತೆ. ಅವಳು ಒಳಕ್ಕೂ ಬರಲಿಲ್ಲ.

"ನೀನು ಓದ್ದೋನು ಕಣಪ್ಪಾ, ಆಟ ಕಟ್ದೋನೂ ನೀನೇ. ಅದು ಬರೀ ಆಟ ಅಂತ ಬಂದು ಒಂದ್ ಮಾತು ಏಳು. ನಿನ್ ಮಾತಾದ್ರೆ ಕೇಳ್ತಾರೆ."

ಹೋದೆ. ಹೋಗಿ ನಿನ್ನ ಎದುರು ಕೂತು ಭಾಷಣ ಮಾಡಿದೆ. ಕಾಲ ಎಲ್ಲಿಗೆ ಬಂದಿದೆ, ಸ್ವಾತಂತ್ರ್ಯ ಬಂದು ಎಷ್ಟು ವರ್ಷವಾಯಿತು, ಇನ್ನೂ ಕವಡೆ ನಂಬಿಕೊಂಡು ಕೂತರೆ ನಮ್ಮ ಜನ ಉದ್ಧಾರವಾಗುವುದು ಯಾವಾಗ — ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ನಿನ್ನ ತಲೆಯ ಮೇಲೆ ಸುರಿದೆ. ನೀನು ಕೊನೆಯ ತನಕ ಕೇಳಿದೆ. ಆಮೇಲೆ ಅಂದೆ:

"ಬ್ಯಾರೆ ಕವ್ಡೆ ಆಗಿದ್ರೆ ಓಗ್ತಿದ್ದೆ ಕಣಪ್ಪಾ. ಅವ್ವ ಬ್ಯಾಡ ಅಂತಾವ್ಳೆ."

ಆ ಐದು ಕವಡೆಗಳು ಆಗ ನನ್ನ ಜೇಬಿನಲ್ಲೇ ಇದ್ದವು, ನಂಜಣ್ಣ. ಒಂದನ್ನು ತೆಗೆದು ನಿನ್ನ ಹೊಸಿಲಿನ ಮೇಲೆ ಕಲ್ಲಿನಿಂದ ಕುಟ್ಟಿದ್ದರೆ ಸೀಸ ಹೊರಕ್ಕೆ ಬರುತ್ತಿತ್ತು. ನೀನು ನನಗೆ ಎರಡು ಬಿಡುತ್ತಿದ್ದೆ, ಗುರುಸಿದ್ದ ಬೀದಿಯಲ್ಲಿ ಆಡಿಕೊಳ್ಳುತ್ತಿದ್ದ — ಸೋಮವಾರ ನೀನು ಬಸ್ಸು ಹತ್ತುತ್ತಿದ್ದೆ. ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಓದಿದವನು ಮೋಸಗಾರ ಅನ್ನಿಸಿಕೊಳ್ಳುವುದೋ, ನೇಕಾರನ ಕಣ್ಣು ಹೋಗುವುದೋ ಅಂತ ತೂಗಿದೆ, ನಿಜವಾಗಿ ತೂಗಿದೆ. ಆಮೇಲೆ ಎದ್ದು, ಇಂಥವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಪುಟ್ಟಮ್ಮಕ್ಕನಿಗೆ ಅಂದು ಬಂದೆ. ಅವಳು ನಾನು ಬಂದದ್ದೇ ದೊಡ್ಡದು ಅಂದಳು.

ವರ್ಷ ತುಂಬುವುದರೊಳಗೆ ನಿನಗೆ ಬೆಳಕೂ ಕಾಣದಾಯಿತು. ನಿನ್ನ ಮಗ್ಗದಲ್ಲಿ ಬೇರೆಯವರು ಕೂತರು. ನೀನು ಗೋಡೆಗೊರಗಿ ಲಾಳಿಗೆ ಹಾಕುವ ಕಂಡಿಕೆ ಸುತ್ತಿಕೊಟ್ಟೆ, ಹೆಂಗಸರು ಮಾಡುವ ಕೆಲಸ. ಆಟವನ್ನು ನಾನು ನಿಲ್ಲಿಸಿದೆ. ಕೇಳಿದವರಿಗೆ ಅದೆಲ್ಲ ಮಕ್ಕಳಾಟ ಅಂದೆ.

ಇಷ್ಟಕ್ಕೇ ಸುಮ್ಮನಾಗಿದ್ದರೆ ಬರೀ ಹೇಡಿ ಅನ್ನಿಸಿಕೊಳ್ಳುತ್ತಿದ್ದೆ. ನಾನು ನಿನ್ನನ್ನು ಕತೆ ಮಾಡಿ ಮಾರಿದೆ. ಕವಡೆ ನಂಬಿ ಕಣ್ಣು ಕಳೆದುಕೊಂಡ ಒಬ್ಬ ಪೆದ್ದನ ಕತೆಯನ್ನು ಹೋಟೆಲಿನಲ್ಲಿ ಹೇಳಿದೆ, ಮದುವೆಮನೆಯಲ್ಲಿ ಹೇಳಿದೆ, ನೇಕಾರರ ಒಂದು ಸಭೆಯಲ್ಲಿ ಮೂಢನಂಬಿಕೆಯ ಮೇಲೆ ಮಾತಾಡಿ ಎಂದಾಗ ಮೈಕಿನ ಮುಂದೆಯೂ ಹೇಳಿದೆ. ಹೆಸರು ಹೇಳಲಿಲ್ಲ — ನನ್ನ ಸಜ್ಜನಿಕೆ ನೋಡು! ಜನ ನಕ್ಕರು, ಚಪ್ಪಾಳೆ ತಟ್ಟಿದರು. ಇಳಿದು ಬಂದರೆ ನೀನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚೆನ್ನಾಗಿ ಮಾತಾಡಿದೆ ಕಣಪ್ಪಾ, ನನ್ನಂಥವರಿಗೆ ಬುದ್ಧಿ ಬರಬೇಕು ಎಂದು ನನ್ನ ಕೈ ಹುಡುಕಿ ಹಿಡಿದುಕೊಂಡೆ. ಆವತ್ತೂ ನಾನು ಇವನೆಂಥ ಪೆದ್ದ ಅಂದುಕೊಂಡೇ ಮನೆಗೆ ಹೋದೆ.

ಆಮೇಲೆ ನೀವಿಬ್ಬರೂ ಮಗಳ ಮನೆಗೆಂದು ಹನೂರಿಗೆ ಹೋದಿರಿ. ನನಗೆ ನಿರಾಳವಾಯಿತು. ಹೋದ ತಿಂಗಳು ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡಕ್ಟರನ ಮೇಲೆ ಏನೋ ರೇಗುತ್ತಿದ್ದೆ. ಶಿವಲಿಂಗಪ್ಪನಲ್ಲವಾ ಎಂದು ಹಿಂದಿನಿಂದ ಒಂದು ದನಿ. ನನ್ನ ರೇಗಾಟದಿಂದಲೇ ಗುರುತು ಹಿಡಿದಿದ್ದೆ ನೀನು. ಹತ್ತಿರ ಕೂರಿಸಿಕೊಂಡು, ಕಾಮಗೆರೆಯ ಬಸ್ಸು ಬಂದು ಹೋಗುವ ತನಕ ಬೀದಿಯವರೆಲ್ಲರ ಯೋಗಕ್ಷೇಮ ವಿಚಾರಿಸಿ, ಕೊನೆಗೆ ಸ್ವಲ್ಪ ನಾಚಿಕೊಂಡು ಕೇಳಿದೆ:

"ಏಳ್ನೇ ಬಾಗ್ಲಾಚೆ ಏನಿತ್ತಪ್ಪಾ? ನಾ ಇವತ್ತಿಗೂವೆ ಆ ಕ್ವಾಟೆ ಒಳ್ಗೇ ತಿರುಗ್ತಾ ಇರ್ತೀನಿ. ಕಣ್ಣಿಲ್ದೋನ್ಗೆ ಬ್ಯಾರೆ ಇನ್ನೇನೈತೆ."

ಏನೂ ಇರಲಿಲ್ಲ, ನಂಜಣ್ಣ. ನಾಲ್ಕನೆಯ ಬಾಗಿಲಿನ ಆಚೆಗೆ ನಾನು ಏನನ್ನೂ ಬರೆದಿರಲೇ ಇಲ್ಲ. ಖಾಲಿ ಚೌಕಗಳು. ನಾನು ಬರೆಯದ ಬಾಗಿಲುಗಳನ್ನೂ ನೀನು ಹದಿನೆಂಟು ವರ್ಷ ಒಂದೊಂದಾಗಿ ದಾಟಿಕೊಂಡು ಹೋಗಿದ್ದೀಯ, ಕತ್ತಲಲ್ಲಿ, ನಾನು ಹಾಕಿದ ಕತ್ತಲಲ್ಲಿ. ಬಸ್ಸು ಬಂತು ಎಂದು ಸುಳ್ಳು ಹೇಳಿ ಎದ್ದುಬಂದೆ. ಆವತ್ತು ಮೊದಲ ಸಲ, ನಮ್ಮಿಬ್ಬರಲ್ಲಿ ಪೆದ್ದ ಯಾರು ಎಂದು ನನಗೆ ನಾನೇ ಕೇಳಿಕೊಂಡೆ. ಪೆದ್ದ ಅನ್ನುವುದು ನನ್ನಂಥವನಿಗೆ ಸಲ್ಲದಷ್ಟು ಮರ್ಯಾದೆಯ ಮಾತು.

ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಇನ್ಯಾರೋ ಓದಿ ಹೇಳಬೇಕು, ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ. ಈ ಸೋಮವಾರ ಹನೂರಿಗೆ ಬರುತ್ತೇನೆ, ನಾನೇ ಬಾಯಿಬಿಟ್ಟು ಓದುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಅಂದರೆ ನೀನು ಆ ಕ್ಷಣವೇ ಕ್ಷಮಿಸಿಬಿಡುತ್ತೀಯ, ಹೋಗಲಿ ಬಿಡಪ್ಪ ಅನ್ನುತ್ತೀಯ, ನಿನ್ನ ಬುದ್ಧಿಯೇ ಅಂಥದ್ದು. ನಾನು ಹಗುರಾಗಿ ಎದ್ದುಬರುತ್ತೇನೆ, ದಾರಿಯಲ್ಲಿ ಮತ್ತೆ ನಿನ್ನನ್ನು ಪೆದ್ದ ಅಂದುಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಪುಟ್ಟಮ್ಮಕ್ಕನನ್ನೂ ನಿನ್ನ ಮಗಳನ್ನೂ ಎದುರಿಗೆ ಕೂರಿಸಿಕೊಂಡು ಓದುತ್ತೇನೆ. ಓದುವಾಗ ನನ್ನ ಮುಖ ನಿನಗೆ ಕಾಣುವುದಿಲ್ಲ. ಅವರಿಗೆ ಕಾಣಲಿ.