ನಾವು ಕೂಗದೆ ಬಿಟ್ಟ ಚೀಟಿ

ತುಮಕೂರಿನ ಬಟವಾಡಿಯಲ್ಲಿ ಮೊಮ್ಮಗಳು ಬ್ಯಾಂಕ್ ಸಾಲ ತಗೊಂಡು ಮನೆ ರಿಪೇರಿ ಮಾಡಿಸಿದಾಳೆ. ನನಗೆ ಕುಣಿಯುವಷ್ಟು ಖುಷಿ. ಮೊನ್ನೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ, ರಸ ಚೆಲ್ಲಿತು. "ಅಜ್ಜಿ, ಬೇಗ ಒರೆಸು, ಕಟ್ಟೆ ಕಲ್ಲು ಕಲೆಯಾಗುತ್ತೆ" ಅಂದಳು. ಆ ಹುಳಿ ವಾಸನೆಗೆ ಗುಬ್ಬಿಯಲ್ಲಿ ನಮ್ಮ ಎದುರುಮನೇಲಿದ್ದ ಅಕ್ಕ ಬಂದು ನಿಂತಂಗಾಯ್ತು...

ಎಪ್ಪತ್ತರ ದಶಕದ ಕೊನೆ ಇರಬೇಕು. ನಮ್ಮ ಬೀದಿ ಹೆಂಗಸರೆಲ್ಲ ಮಂಡಿಯಿಂದ ಹುಣಸೆಹಣ್ಣು ತಂದು ಬೀಜ ಬಿಡಿಸುವ ಕೂಲಿ ಮಾಡ್ತಿದ್ವಿ. ಆ ಕೂಲಿಯಲ್ಲೇ ಚೀಟಿ ಕಟ್ತಿದ್ವಿ. ತಿಂಗಳಿಗೊಮ್ಮೆ ಚೀಟಿ ಕೂಗೋದು. ಬರೋ ದುಡ್ಡಲ್ಲಿ ಯಾರು ಹೆಚ್ಚು ಬಿಟ್ಟುಕೊಡ್ತಾರೋ ಆ ತಿಂಗಳ ದುಡ್ಡು ಅವರಿಗೆ.

ಅಕ್ಕನ ಅಡಿಗೆಮನೆಗೆ ಕಿಟಕಿ ಇರಲಿಲ್ಲ, ಹೊಗೆಗೂಡೂ ಇರಲಿಲ್ಲ. ಸೌದೆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸೊರಗಿಹೋಗಿದ್ದಳು. "ಈ ಸಲ ಚೀಟಿ ಎತ್ತಿ ಗೋಡೆ ಒಡೆಸಿ ಕಿಟಕಿ ಇಡಿಸ್ತೀನಿ ಕಣೇ" ಅಂದಳು. ಅದಕ್ಕೇ ಅವತ್ತು ಯಾರೂ ಅವಳಿಗೆ ಎದುರು ಕೂಗಲಿಲ್ಲ. ನಮ್ಮ ಮನೆ ಸೂರೂ ಸೋರ್ತಿತ್ತು. ಆದರೂ ಅವಳಿಗೇ ಬಿಟ್ಟೆ.

ಅವಳ ಗಂಡ ಆ ದುಡ್ಡನ್ನ ಮುಂದಿನ ಹಜಾರಕ್ಕೆ ಸುರಿದ. ಆಗ ಎಲ್ಲರಿಗೂ ಮೊಸಾಯಿಕ್ ಹುಚ್ಚು. ತುಮಕೂರಲ್ಲಿ ಯಾರದೋ ಮನೇಲಿ ನೋಡಿ ಬಂದಿದ್ದನಂತೆ. "ಬಂದೋರು ನೋಡೋದು ಹಜಾರ. ನಿನ್ನ ಒಲೆನ ಯಾರು ನೋಡ್ತಾರೆ?" ಅಂದ. ಮಿಷನ್ ಹಾಕಿ ಉಜ್ಜಿಸಿ ಮುಖ ಕಾಣೋ ಹಂಗೆ ಮಾಡಿಸಿದ. ಹೊಳಪು ಹೋಗುತ್ತೆ ಅಂತ ಅಕ್ಕ ಮಾತ್ರ ಹಿತ್ತಲ ಬಾಗಿಲಲ್ಲೇ ಓಡಾಡಬೇಕು. ನೆನೆಸಿಕೊಂಡರೆ ಇವತ್ತಿಗೂ ಮೈ ಉರೀತದೆ.

ನಾನು ಸುಮ್ಮನಿರಲಿಲ್ಲ. ಎಲ್ಲರನ್ನೂ ಹೊರಡಿಸ್ಕೊಂಡು, ಹುಣಸೆ ಚೀಲ ಹೊತ್ಕೊಂಡು ಹೋಗಿ ಆ ಹಜಾರದಲ್ಲೇ ಕೂತು ಬೀಜ ಬಿಡಿಸೋಕೆ ಶುರುಮಾಡಿದೆ. ದಿನಾ ಮಧ್ಯಾಹ್ನ ಅದೇ ಕೆಲಸ. ಹುಳಿ ತಾಗಿದ ಕಡೆಯೆಲ್ಲ ಹೊಳಪು ಸತ್ತು ಮಚ್ಚೆ ಬಿತ್ತು.

"ಏನ್ರಮ್ಮಾ, ಇದೇನು ಮಂಡಿನಾ? ಏಳ್ರಿ ಮೇಲೆ" ಅಂತ ಅಕ್ಕನ ಗಂಡ ಗದರಿದ.

ಅಕ್ಕ ಬೀಜ ಬಿಡಿಸ್ತಾನೇ ಅಂದಳು, "ಈ ಮನೇಲಿ ಹೊಗೆ ಬರದಿರೋ ಜಾಗ ಇದೊಂದೇ ಐತೆ. ಇನ್ನೆಲ್ಲಿ ಕೂರ್ಲಿ?"

"ನೆಲ ತಣ್ಣಗೈತೆ ಭಾವ. ನಮ್ಮ ದುಡ್ಡು ಎಲ್ಲೂ ಹೋಗಿಲ್ಲ ಬುಡಿ" ಅಂದೆ ನಾನು. ಎಲ್ಲರೂ ನಕ್ಕರು.

ಗೆದ್ವಿ ಅಂದ್ಕೊಂಡಿದ್ವಿ. ಅವನು ಹಜಾರಕ್ಕೆ ಗ್ರಿಲ್ ಹಾಕಿಸಿ ಬೀಗ ಜಡಿದ. ಗ್ರಿಲ್ಲಿಗೆ ದುಡ್ಡಿತ್ತು, ಕಿಟಕಿಗೆ ಇರಲಿಲ್ಲ.

ಅಕ್ಕ ಮತ್ತೆ ಚೀಟಿ ಕಟ್ಟೋಕೆ ಶುರುಮಾಡಿದಳು. ಎತ್ತೋ ಮೊದಲೇ ಆ ಕೆಮ್ಮು... ಹೆಣ ಮಲಗಿಸಿದ್ದು ಮೊಸಾಯಿಕ್ ಮೇಲೆ. ಅವಳು ಮುಂಬಾಗಿಲಿಂದ ಆಚೆ ಹೋಗಿದ್ದು ಅವತ್ತೇ.

ಈಗ ಇಲ್ಲಿ ಸಾಲದ ಕಂತು ಮೊಮ್ಮಗಳ ಸಂಬಳದಲ್ಲೇ ಹೋಗುತ್ತೆ. ಎಲ್ಲಿ ಏನು ಹಾಕಿಸಬೇಕು ಅಂತ ಅವಳೇ ನಿಂತು ಹೇಳಿದಳು, ಯಾರೂ ಅಡ್ಡ ಬರಲಿಲ್ಲ. ಅಡಿಗೆಮನೆಯಲ್ಲಿ ಗಾಳಿ ಸುಯ್ ಅಂತ ಆಡುತ್ತೆ. ಒಲೆ ಮುಂದೆ ನಿಂತರೆ ನನಗೆ ಸಂತೋಷ, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿ ಬರುತ್ತೆ. ಅಕ್ಕನಿಗೆ ಬೇಕಿದ್ದದ್ದು ಗೋಡೆಯಲ್ಲಿ ಒಂದು ತೂತು, ಅಷ್ಟೇ.