ಹುಪ್ಪಾದ ಕೆಳಗೊಂದು ಗಟ್ಟಿಮೇಳ

ಮೌನಕ್ಕಿಂತ ಪವಿತ್ರವಾದದ್ದು ಲೋಕದಲ್ಲಿ ಇನ್ನೊಂದಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ವಾಲಗದವರು ಯಾರೂ ಇರಲಿಲ್ಲ. ನಾವು ಮೈಸೂರು ಕಡೆಯ ವಾಲಗದವರು. ಸದ್ದೇ ನಮ್ಮ ಕುಲಕಸುಬು. ಹಾಗಾಗಿ ಉತ್ತರ ಲಂಡನ್ನಿನ ಯಹೂದಿ ಮದುವೆಯೊಂದಕ್ಕೆ ಕ್ಲಾರಿನೆಟ್ ಊದಲು ಹೋದಾಗ ಬ್ಯಾಂಡಿನ ಯಜಮಾನ ಹ್ಯಾರಿ ಹೇಳಿದ ಮೊದಲ ಮಾತಿಗೇ ಬೆಚ್ಚಿದೆ: "ಉಂಗುರ ಹಾಕೋವಾಗ ನಿನ್ನ ಉಸಿರೂ ಕೇಳಿಸಬಾರದು, ಗೊತ್ತಾಯ್ತಾ?"

ನಮ್ಮಲ್ಲಿ ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗುವುದು ಯಾರ ಸೀನೂ ಕೆಟ್ಟ ಮಾತೂ ಕಿವಿಗೆ ಬೀಳದಿರಲೆಂದು. ಇಲ್ಲಿ ತದ್ವಿರುದ್ಧ. ಉಂಗುರ ತೊಡಿಸುತ್ತಾ ವರ ಹೇಳುವ ಮಾತು ಇಬ್ಬರು ಸಾಕ್ಷಿಗಳ ಕಿವಿಗೆ ಬೀಳದಿದ್ದರೆ ಮದುವೆಯೇ ಅನುಮಾನ. ವರ ಗಾಜಿನ ಲೋಟ ತುಳಿದು ಒಡೆದ ಮೇಲಷ್ಟೇ ಅಬ್ಬರ.

ಅಂದು ನನಗೆ ಪರೀಕ್ಷೆ. ಗೆದ್ದರೆ ಬ್ಯಾಂಡಿನಲ್ಲಿ ಕಾಯಂ ಜಾಗ. ಸೋತರೆ ಫೆಲ್ಥಮ್ಮಿನ ಕಾರ್ಖಾನೆಯಲ್ಲಿ ವಿಮಾನದ ಊಟದ ತಟ್ಟೆ ಜೋಡಿಸುವುದು ಇದ್ದೇ ಇತ್ತು. ಹೊರಡುವಾಗ ಹೆಂಡತಿ ಲಲಿತ ಆಶೀರ್ವದಿಸಿದ್ದಳು: "ಏನ್ರೀ, ಮದುವೆ ಮನೆ ಕಂಡ್ರೆ ನಿಮ್ಮ ಬಾಯಿ ಸುಮ್ನಿರಲ್ಲ. ಏನಾದ್ರೂ ಎಡವಟ್ಟು ಮಾಡ್ಕೊಂಡ್ರೋ, ಸಾಯೋವರೆಗೂ ಆ ತಟ್ಟೆಗಳೇ ಗತಿ!"

ಹುಪ್ಪಾ ಎಂದರೆ ನಾಲ್ಕು ಕೋಲಿನ ಮೇಲೆ ಕಟ್ಟಿದ ಬಟ್ಟೆಯ ಚಪ್ಪರ. ಅದರಡಿಯಲ್ಲಿ ವಧು ವರನನ್ನು ಏಳು ಸುತ್ತು ಬಂದಳು. ನಾನು ಮೆಲ್ಲಗೆ ಊದಿದೆ. ಅವರ ಧಾಟಿ ನಮ್ಮ ವಕುಳಾಭರಣ ರಾಗದ ದಾಯಾದಿ, ಬೆರಳು ತಡವರಿಸಲಿಲ್ಲ. ಹ್ಯಾರಿ ಕಣ್ಸನ್ನೆ ಮಾಡಿದ. ನಿಲ್ಲಿಸಿದೆ. ವಾದ್ಯ ಮಾತ್ರ ತುಟಿಯಲ್ಲೇ ಇತ್ತು.

ಅವರ ಪುರೋಹಿತರಾದ ರಬ್ಬಿ ಸಾಕ್ಷಿಗಳನ್ನು ಹತ್ತಿರ ಕರೆದರು. ಸಭೆ ಉಸಿರು ಬಿಗಿಹಿಡಿಯಿತು. ಉಂಗುರಕ್ಕಾಗಿ ವಧು ತೋರುಬೆರಳನ್ನು ಎತ್ತಿ ಹಿಡಿದಳು. ವರ ಬಾಯಿ ತೆರೆದ.

ನಮ್ಮ ಪುರೋಹಿತರು ಗಟ್ಟಿಮೇಳಕ್ಕೆ ಎತ್ತುವುದೂ ಅದೇ ಬೆರಳನ್ನು.

ಊದಿಬಿಟ್ಟೆ. ವಂಶಪಾರಂಪರ್ಯವಾದ ಸಕಲ ಶಕ್ತಿಯನ್ನೂ ಕೂಡಿಸಿ.

ಹ್ಯಾರಿ ವಾದ್ಯವನ್ನು ಕಸಿದುಕೊಳ್ಳುವಷ್ಟರಲ್ಲಿ ಉಂಗುರ ಬೆರಳೇರಿತ್ತು. ರಬ್ಬಿ ಸಾಕ್ಷಿಗಳತ್ತ ತಿರುಗಿದರು. ಒಬ್ಬ, ವರನ ಮಾತು ಕೇಳಿಸಿತೆಂದು ತಲೆಯಾಡಿಸಿದ. ಇನ್ನೊಬ್ಬರು, ಬಿಳಿಗಡ್ಡದ ಹಿರಿಯರು, ನನ್ನನ್ನೇ ದಿಟ್ಟಿಸಿದರು.

"ನನಗೆ ಕ್ಲಾರಿನೆಟ್ ಚೆನ್ನಾಗಿ ಕೇಳಿಸ್ತು," ಎಂದರು.

ಯಾರೂ ನಗಲಿಲ್ಲ. ಉಂಗುರ ಬೆರಳಿನಿಂದ ಕಳಚಿತು, ವರನ ಕೈಗೆ ಮರಳಿತು. ಎರಡನೆಯ ಸಲ ಬೆರಳು ಚಾಚುವ ಮುನ್ನ ವಧು ನನ್ನತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ನಾನು ಫೆಲ್ಥಮ್ ತಲುಪಿಬಿಟ್ಟಿದ್ದೆ.

ವರನ ಮಾತು ಸ್ಪಷ್ಟವಾಗಿ ಕೇಳಿಸಿತು. ಬಹಳ ಹೊತ್ತಿನ ಮೇಲೆ ಗಾಜು ಒಡೆಯಿತು. ಹ್ಯಾರಿ ವಾದ್ಯವನ್ನು ನನ್ನೆದೆಗೆ ತಳ್ಳಿ, "ಈಗ ಊದು, ಪುಣ್ಯಾತ್ಮ!" ಎಂದು ಕಿರುಚಿದ. ಊದಿದೆ. ಆ ಬಿಳಿಗಡ್ಡದವರು ಕುರ್ಚಿ ಸರಿಸಿ ಕುಣಿದರು. ಅವರ ಹಿಂದೆ ಸಭೆಯೇ ಕುಣಿಯಿತು.

ಸಾಮಾನು ಕಟ್ಟುವಾಗ ಹ್ಯಾರಿ ಕೇಳಿದ: "ನಿಮ್ಮೂರಲ್ಲಿ ಗಂಡು ಏನು ಹೇಳ್ದ ಅಂತ ಯಾರಿಗಯ್ಯಾ ಗೊತ್ತಾಗತ್ತೆ?"

"ಯಾರಿಗೂ ಗೊತ್ತಾಗಲ್ಲ ಸಾರ್. ಅದಕ್ಕೇ ಸಂಸಾರ ನಡೆಯೋದು."

ಕೆಲಸ ಸಿಕ್ಕಿತು. ಉಂಗುರ ಹಾಕುವಷ್ಟು ಹೊತ್ತು ನನ್ನನ್ನು ಸಭಾಂಗಣದ ಹೊರಗೆ ನಿಲ್ಲಿಸುತ್ತಾರೆ.