ಕಂಪನಿ ಬಾಡಿಗೆಗೆ ಹಿಡಿದ ನಮ್ಮ ಮನೆ

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಪಗಾರದಿಂದ ವರಮಾನ ತೆರಿಗೆ ಕಟ್ಟುವವರು ಫೆಬ್ರವರಿ ಬಂತೆಂದರೆ ದೇವರಿಗಿಂತ ಮೊದಲು ನೆನೆಯುತ್ತಿದ್ದದ್ದು ಶ್ರೀ ಶಹಾಬುದ್ದೀನ ಸಾಹೇಬರನ್ನು. ಮನೆ ಬಾಡಿಗೆಯ ಭತ್ಯೆ ಮತ್ತು ಕಂಪನಿ ಕೊಡುವ ಮನೆ, ಇವೆರಡರ ಆಸರೆಯಿಂದ ಕಾಯ್ದೆಯ ಒಳಗೇ ಇದ್ದು ತೆರಿಗೆ ಇಳಿಸುವ ವಿದ್ಯೆಯಲ್ಲಿ ಅವರಿಗೆ ಸರಿಸಾಟಿ ಈ ಭಾಗದಲ್ಲಿ ಯಾರೂ ಇರಲಿಲ್ಲ. ಇಂದು ಅವರು ನಿವೃತ್ತರಾಗುತ್ತಿರುವಾಗ, ಅವರ ಕೈಯಲ್ಲಿ ಲೆಕ್ಕ ಕಲಿತ ಬಿ.ಕಾಂ. ವಿದ್ಯಾರ್ಥಿನಿಯಾದ ನನಗೂ ಈ ಅಭಿನಂದನಾ ಸಂಪುಟದಲ್ಲಿ ಸಂಪಾದಕರು ಜಾಗ ಕೊಟ್ಟಿದ್ದಾರೆ. ಹಿರಿಯರು ಅವರ ಜಾಣತನವನ್ನು ಬರೆಯುತ್ತಾರೆ. ಆ ಜಾಣತನಕ್ಕೆ ಅವರು ತೆತ್ತದ್ದನ್ನು ನಾನು ಬರೆಯಬೇಕು, ಏಕೆಂದರೆ ಅದು ನಡೆದದ್ದು ನಮ್ಮ ಮನೆಯಲ್ಲಿ.

ಸುಲೇಪೇಟದಲ್ಲಿ ಹುಟ್ಟಿ ಉರ್ದು ಶಾಲೆಯಲ್ಲಿ ಓದಿದ ಸಾಹೇಬರು, ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಎರಡು ವರ್ಷಕ್ಕೆ, ೧೯೫೮ರಲ್ಲಿ, ವಾಡಿಯ ಹತ್ತಿರದ ಸಿಮೆಂಟ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಸೇರಿದರು. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಭತ್ಯೆಯ ಮೇಲೆ ತೆರಿಗೆ ರಿಯಾಯಿತಿ ಉಂಟು, ಸ್ವಂತ ಮನೆಯಲ್ಲಿ ಇದ್ದವರಿಗಿಲ್ಲ. ಪ್ಯಾಕಿಂಗ್ ವಿಭಾಗದ ಫೋರ್‌ಮನ್ ಆಗಿದ್ದ ನನ್ನ ಅಪ್ಪ ಭಗವಂತ ಈ ಎರಡನೆಯವರಲ್ಲಿ ಒಬ್ಬರು. ಅದು ದೊಡ್ಡಸ್ತಿಕೆಯಲ್ಲ. ನಮ್ಮ ಓಣಿಯವರಿಗೆ ಊರೊಳಗೆ ಯಾರೂ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲವಾದ್ದರಿಂದ ಅಜ್ಜಿ ಲಾಲಮ್ಮ ಕಲ್ಲು ಹೊತ್ತು ಕೂಡಿಸಿದ ದುಡ್ಡಿನಲ್ಲಿ ಓಣಿಯಲ್ಲೇ ಎರಡು ಕೋಣೆ, ಒಂದು ಪಡಸಾಲೆ ಕಟ್ಟಿಸಿದ್ದಳು. ಬಾಡಿಗೆ ಮನೆ ಸಿಗದ ತಪ್ಪಿಗೆ ಅಪ್ಪ ಉಳಿದವರಿಗಿಂತ ಹೆಚ್ಚು ತೆರಿಗೆ ಕಟ್ಟುತ್ತಿದ್ದರು.

ಇದು ಅನ್ಯಾಯವೆಂದು ಮೊದಲು ಕಂಡವರು ಸಾಹೇಬರೇ. ೧೯೭೪ರಲ್ಲಿ ನಮ್ಮ ಪಡಸಾಲೆಯಲ್ಲಿ ಕುಳಿತು ಅಜ್ಜಿಗೆ ತಿಳಿಹೇಳಿದರಂತೆ.

“ಅಮ್ಮಾ, ಮನಿ ಕಂಪನಿಗಿ ಬಾಡಿಗಿ ಕೊಡ್ರಿ. ಕಂಪನಿ ಅದೇ ಮನಿ ನಿಮ್ಮ ಮಗಗ ಭತ್ಯೆ ಬದ್ಲಿ ಕ್ವಾರ್ಟರ್ಸ್ ಅಂತ ಕೊಡ್ತದ. ಕ್ವಾರ್ಟರ್ಸಿಗಿ ಟ್ಯಾಕ್ಸ್ ಕಮ್ಮಿ, ನಿಮ್ಮ ಕೈಗಿ ಬಾಡಿಗಿನೂ ಬರ್ತದ.”

“ನಮ್ಮ ಮನ್ಯಾಗ ನಾವು ಇರ್ಲಿಕ್ಕ ಕಂಪನಿ ನಮಗೇ ರೊಕ್ಕ ಕೊಡ್ತದೇನು? ಕಂಪನಿಗಿ ತಲಿ ಕೆಟ್ಟದೋ, ನಿನಗೋ ಸಾಹೇಬ?”

“ಕಾಯ್ದಾನೇ ಹಂಗದ ಅಮ್ಮಾ.”

ಅಜ್ಜಿ ನಗುತ್ತ ಹೆಬ್ಬೆಟ್ಟು ಒತ್ತಿದಳು. ಕರಾರು ಐದು ವರ್ಷದ್ದು. ಎಲ್ಲವೂ ಸಾಹೇಬರು ಹೇಳಿದಂತೆಯೇ ನಡೆಯಿತು. ಎರಡನೇ ವರ್ಷ ಅಪ್ಪ ಪಾಳಿಯಲ್ಲಿದ್ದಾಗಲೇ ಎದೆನೋವೆಂದು ಕುಳಿತವರು ಮೇಲೇಳಲಿಲ್ಲ.

ಕೆಲಸಗಾರ ತೀರಿಕೊಂಡರೆ ಮನೆಯವರು ತಿಂಗಳೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕೆಂಬುದು ಕಂಪನಿಯ ನಿಯಮ. ನೋಟಿಸು ನಮ್ಮ ಮನೆಗೂ ಬಂತು. ಬಾಡಿಗೆ ಅಜ್ಜಿಗೆ ಬರುತ್ತಿರುತ್ತದೆ, ಆದರೆ ಕರಾರು ಮುಗಿಯುವವರೆಗೆ ಅಲ್ಲಿ ಯಾರಿರಬೇಕೆಂಬುದನ್ನು ಕಂಪನಿ ಗೊತ್ತುಮಾಡುತ್ತದೆ. ಅವ್ವ ಅನಸುಬಾಯಿ ನನ್ನನ್ನು ಕೈಹಿಡಿದುಕೊಂಡು ಆಫೀಸಿಗೆ ಹೋದಳು.

“ಸಾಹೇಬ್ರ, ನಮ್ಮ ಮನಿ ನಮಗೇ ಖಾಲಿ ಮಾಡ್ರಿ ಅಂತಾರಲ್ರಿ. ಎಲ್ಲಿ ಹೋಗ್ಲಿ? ಊರಾಗ ನಮಗ ಮನಿ ಕೊಡೋರು ಯಾರದಾರ?”

ಸಾಹೇಬರು ಕರಾರಿನ ಕಾಗದ ತೆಗೆದು ಮತ್ತೆ ಓದಿದರು.

“ಬಾಯಿ, ಭಗವಂತ ಇಲ್ಲದಂಗ ಆದ್ರ ಕರಾರು ಮುಗೀತದ ಅಂತ ಒಂದು ಮಾತು ಬರೀಬೇಕಿತ್ತು. ನಾ ಟ್ಯಾಕ್ಸ್ ನೋಡಿದೆ, ಸಾವು ನೋಡ್ಲಿಲ್ಲ.”

ಕಂಪನಿ ಆ ಮನೆಯನ್ನು ಹೊಸದಾಗಿ ಬಂದ ಇಂಜಿನಿಯರೊಬ್ಬರಿಗೆ ಕೊಟ್ಟಿತು. ಅವರು ಓಣಿಯ ಬಾಯಲ್ಲೇ ಜೀಪು ನಿಲ್ಲಿಸಿ, ಇದು ಯಾವ ಮಂದಿಯ ಓಣಿ ಎಂದು ಕೇಳಿ ತಿರುಗಿ ಹೋದರು. ಇನ್ನೊಬ್ಬರೂ ಹಾಗೆಯೇ ಮಾಡಿದರು. ನಮ್ಮನ್ನು ಹೊರಗಿಟ್ಟ ಅದೇ ಅಸಹ್ಯ ಆ ಎರಡು ವಾರ ನಮ್ಮನ್ನು ಒಳಗಿಟ್ಟಿತು. ಯಾರೂ ಬಾರದಿದ್ದರೆ ಗೋಣಿಚೀಲದ ಗೋದಾಮು ಮಾಡಿರೆಂದು ಮ್ಯಾನೇಜರು ಅಪ್ಪಣೆ ಕೊಟ್ಟ ದಿನ ಸಾಹೇಬರು ಅರ್ಜಿ ಹಾಕಿದರು. ಆ ಮನೆ ನನಗೆ ಬೇಕು, ಕಾಲೊನಿಯಲ್ಲಿರುವ ನನ್ನ ಕ್ವಾರ್ಟರ್ಸನ್ನು ಬಿಟ್ಟುಕೊಡುತ್ತೇನೆ ಎಂದು.

ಒಬ್ಬರಿಗೆ ಒಂದೇ ಮನೆ. ಬೇವಿನ ನೆರಳು, ಎರಡು ಹೊತ್ತು ನಳದ ನೀರು, ಕೂಗಳತೆಯಲ್ಲಿ ಆಸ್ಪತ್ರೆ ಇದ್ದ ಕಾಲೊನಿಯನ್ನು ಬಿಟ್ಟು ಅವರೂ ಅವರ ಪತ್ನಿ ಜೈನಬಿಯವರೂ ಟ್ರಂಕು ಹೊತ್ತು ನಮ್ಮ ಮುಂದಿನ ಕೋಣೆಗೆ ಬಂದರು. ಹಿಂದಿನ ಕೋಣೆಯಲ್ಲಿ ನಾವು ಉಳಿದೆವು. ಕಾಗದದಲ್ಲಿ ಅವರು ಮನೆಯವರು, ನಾವು ಅತಿಥಿಗಳು. ನಮ್ಮ ತಲೆಯ ಮೇಲಿದ್ದ ಸೂರಿಗೆ ಅವರ ಪಗಾರದಲ್ಲಿ ತೆರಿಗೆ ಮುರಿದುಕೊಳ್ಳುತ್ತಿದ್ದರು.

ಬಂದ ದಿನ ಅಜ್ಜಿ ಬಾಗಿಲಲ್ಲಿ ನಿಂತು, “ಒಳಗ ಬರ್ರಿ, ಮನಿ ನಿಮ್ದೇ ಅದಂತ” ಎಂದಳು.

ಜೈನಬಿ ಗಂಡನತ್ತ ನೋಡಿ, “ಊರಿನವರ ಟ್ಯಾಕ್ಸೆಲ್ಲ ಇಳಿಸಿ ಇಳಿಸಿ, ಕಡೀಕಿ ನನ್ನ ಬಂಗ್ಲೆದಿಂದ ಇಳಿಸಿದ ನೋಡ್ರಿ ಅಮ್ಮಾ” ಎಂದರು. ಎಲ್ಲರೂ ನಕ್ಕರು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಅದು ಮೊದಲ ನಗು.

ಆ ಕೋಣೆಯಲ್ಲಿ ಸಂಜೆಹೊತ್ತು ನಾನು ಲೆಕ್ಕ ಕಲಿತೆ. ತಪ್ಪಿದಾಗ ಸಾಹೇಬರು ಬೈಯುತ್ತಿರಲಿಲ್ಲ. ಜೈನಬಿ ನನ್ನ ಪರ ವಹಿಸಿ ಅವರನ್ನೇ ಬೈಯುತ್ತಿದ್ದರು. ಎರಡನೇ ಬೇಸಿಗೆಗೆ ಜೈನಬಿಯವರಿಗೆ ಹತ್ತಿದ್ದ ಕೆಮ್ಮು ಜೋರಾಯಿತು. ಉಸಿರು ಸಿಕ್ಕಿಕೊಂಡ ದಿನ ಕಾರ್ಖಾನೆಯ ಆಂಬುಲೆನ್ಸ್ ಓಣಿಗೆ ಬರಲಿಲ್ಲ. ಡ್ರೈವರನಿಗೆ ಕಾಲೊನಿಯ ದಾರಿ ಮಾತ್ರ ಗೊತ್ತಿತ್ತಂತೆ. ಎತ್ತಿನ ಬಂಡಿ ಕಟ್ಟುವಷ್ಟರಲ್ಲಿ ಅವರು ಅವ್ವನ ತೊಡೆಯ ಮೇಲೆ ತೀರಿಕೊಂಡರು. ಅವರ ಮಯ್ಯತ್ತು ನಮ್ಮ ಬಾಗಿಲಿನಿಂದ ಹೊರಟಿತು. ಓಣಿಯ ಗಂಡಸರೆಲ್ಲ ಹೆಗಲು ಕೊಟ್ಟರು.

ಕರಾರು ಮುಗಿಯುವವರೆಗೆ ಸಾಹೇಬರು ಒಬ್ಬರೇ ಅಲ್ಲಿದ್ದರು. ೧೯೭೯ರಲ್ಲಿ ಮನೆ ಮತ್ತೆ ಅಜ್ಜಿಯದಾದ ದಿನ ಹೊರಟು ನಿಂತರು. ಅವ್ವ ತಡೆದಾಗ ಹೇಳಿದ್ದು ಇಷ್ಟೇ: “ಆ ಕ್ವಾಣ್ಯಾಗ ಆಕಿ ಕೆಮ್ಮು ಕೇಳಸ್ತದ, ಬಾಯಿ.” ಕಾಲೊನಿಯಲ್ಲಿ ಅವರಿಗೆ ಮತ್ತೆ ಮನೆ ಸಿಗಲಿಲ್ಲ. ಅಂದಿನಿಂದ ಅಂಥ ಕರಾರುಗಳನ್ನು ಸಲೀಸಾಗಿ ಬರೆದುಕೊಡಲು ಅವರು ಒಪ್ಪದಿದ್ದುದರಿಂದ ಸಿಟ್ಟಾದವರಿದ್ದಾರೆ. ಅವರಲ್ಲಿ ಕೆಲವರು ಈ ಸಂಪುಟಕ್ಕೆ ಬರೆಯಲಿಲ್ಲ.

ಸಾಹೇಬರು ಈಗ ಸುಲೇಪೇಟದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಾರೆ. ಅವರಿಗೆ ದೀರ್ಘಾಯುಷ್ಯ ಕೋರುವಾಗ, ಅದನ್ನು ಒಂಟಿಯಾಗಿ ಕಳೆಯಿರಿ ಎಂದಂತಾಗುವುದೆಂದು ನನ್ನ ಕೈ ತಡೆಯುತ್ತದೆ. ಆದರೂ ಕೋರುತ್ತೇನೆ, ಏಕೆಂದರೆ ಅವರ ಕೆಲಸ ಇನ್ನೂ ಮುಗಿದಿಲ್ಲ. ಹೋದ ವಾರ ನಾನು ಹೋದಾಗ ಹೊಸದಾಗಿ ನೌಕರಿಗೆ ಸೇರಿದ ಚಂದ್ರಾಮ ಎಂಬವರು ತಮ್ಮ ಅಪ್ಪನ ಮನೆಯನ್ನು ಕಂಪನಿಗೆ ಬಾಡಿಗೆ ಕೊಡುವ ಕಾಗದ ಹಿಡಿದು ಕುಳಿತಿದ್ದರು. ತೆರಿಗೆ ಎಷ್ಟು ಉಳಿಯುತ್ತದೆಂದು ಅವರು ಎರಡು ಸಲ ಕೇಳಿದರು. ಸಾಹೇಬರು ಕಾಗದವನ್ನು ಅವರತ್ತಲೇ ತಿರುಗಿಸಿಟ್ಟರು.

“ನೀ ಸತ್ರ ನಿನ್ನ ಹೇಣ್ತಿ ಎಲ್ಲಿರ್ತಾಳ, ಅದು ಮೊದಲ ಬರಿ. ಟ್ಯಾಕ್ಸ್ ಆಮ್ಯಾಲ ನೋಡಮು.”